ಊಟದ ಮೇಜಿನ ಮೇಲಿನ ಕರೆಗಂಟೆ

ನನ್ನ ಮೊಮ್ಮಗಳು ಮಾಡಿದ ಕರೆಗಂಟೆ ಪಾಸಾಯಿತು, ಅವಳ ನೌಕರಿಯೂ ಖಾಯಂ ಆಯಿತು! ನಿನ್ನೆ ಮಧ್ಯಾಹ್ನ ಆಫೀಸಿನಿಂದ ಅವಳೇ ಫೋನ್ ಮಾಡಿದಳು. "ಆಯಿ, ಆತು ನೋಡ್! ದವಾಖಾನ್ಯಾಗ ಒಂದ ಕಾಲ್ ಸುದ್ದಾ ಮಿಸ್ ಆಗಿಲ್ಲ. ನನಗ ಪರ್ಮನೆಂಟ್ ಮಾಡ್ಯಾರ!" ಎಂದಳು. ನಾನು "ಹೂಂ ತಾಯಿ, ಹೂಂ" ಎಂದಷ್ಟೇ ಅಂದೆ. ಫೋನ್ ಕೆಳಗಿಟ್ಟು ಸುತ್ತ ನೋಡಿದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಮಗ ಊರಾಚೆಯ ಭೋರ್‌ನಲ್ಲಿ ಯಾರದೋ ಬಂಗಲೆಯ ನೆಲಕ್ಕೆ ಫರ್ಶಿ ಕಲ್ಲು ಕೂರಿಸಲು ಹೋಗಿದ್ದ. ಸೊಸೆ ಇಲ್ಲೇ ಪುಣೆಯ ಶಿವಾಜಿನಗರದ ಹಾಸ್ಟೆಲ್ ಮೆಸ್ಸಿನಲ್ಲಿ ಅಡುಗೆಗೆ ಹೋಗಿದ್ದಳು. ಅವರಿಬ್ಬರಿಗೂ ಮಗಳು ಹೇಳಿಯೇ ಇರುತ್ತಾಳೆ. ಅಲ್ಲಿ ಅವರ ಸುತ್ತ ಜನ ಇರುತ್ತಾರೆ, "ಪೇಡೆ ಎಲ್ಲಿ" ಎಂದು ಕಾಡುತ್ತಾರೆ, ಬೆನ್ನು ತಟ್ಟುತ್ತಾರೆ. ನಾನು ಮೊದಲು ದೇವರ ಗೂಡಿಗೆ ಹೇಳಿದೆ. ಆಮೇಲೆ ಗೋಡೆಯ ಮೇಲಿರುವ ನಮ್ಮ ಯಜಮಾನರ ಫೋಟೋಗೆ ಹೇಳಿದೆ. ಇಬ್ಬರೂ ಕೇಳಿಸಿಕೊಂಡರು, ಆದರೆ ಉತ್ತರ ಕೊಡುವವರಲ್ಲ. ಎದೆಯೊಳಗಿನ ಸಂತೋಷ ಉಕ್ಕುವ ಹಾಲಿನ ಹಾಗೆ ಮೇಲೇರುತ್ತಿತ್ತು, ಒಲೆ ಸಣ್ಣ ಮಾಡುವವರಿಲ್ಲ. ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನಲ್ಲಿ ಇಳಿದು ಹೋಗಿ ಗೇಟಿನ ವಾಚ್‌ಮನ್‌ಗೆ ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. "ವಾ, ಆಜಿ!" ಎಂದು ಅವನು ನಕ್ಕ. ಅಷ್ಟರಲ್ಲಿ ಒಂದು ಕಾರು ಬಂದು ಹಾರ್ನ್ ಹೊಡೆಯಿತು, ಗೇಟು ತೆಗೆಯಲು ಓಡಿದ. ನಾನು ತಂದ ಸಂತೋಷವನ್ನು ಹಾಗೆಯೇ ಹೊತ್ತುಕೊಂಡು ಮತ್ತೆ ಮೇಲೆ ಬಂದೆ.

ಅದಕ್ಕೇ ಬರೆಯಲು ಕುಳಿತಿದ್ದೇನೆ. ಮೂರನೇ ಇಯತ್ತೆಯ ತನಕ ಕಲಿತವಳು. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ಬರೆಯುವಾಗ ಯಾರೋ ಎದುರಿಗೆ ಕುಳಿತು ಕೇಳುತ್ತಿದ್ದಾರೆ ಅನ್ನಿಸುತ್ತದೆ, ಅಷ್ಟು ಸಾಕು.

ನಮ್ಮದು ವಿಜಯಪುರದ ಕಡೆಯ ಹಳ್ಳಿ. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಮರಾಠಿಯವರಿಗೆ ಆಯಿ ಎಂದರೆ ತಾಯಿ. ಹೀಗಾಗಿ ಮೊಮ್ಮಗಳು ನನ್ನನ್ನು ಕೂಗಿದಾಗ ಈ ಅಪಾರ್ಟ್‌ಮೆಂಟ್ ಸೊಸೈಟಿಯ ಹೊಸಬರು ನನ್ನ ಮುಖ ನೋಡುತ್ತಾರೆ, ಅವಳ ಮುಖ ನೋಡುತ್ತಾರೆ, ಏನೂ ಕೇಳದೆ ಸುಮ್ಮನಾಗುತ್ತಾರೆ. ಮದುವೆಯಾದ ಹೊಸದರಲ್ಲಿ ಗಂಡನ ಹಿಂದೆ ಪುಣೆಗೆ ಬಂದೆ. ಅವರು ಗೌಂಡಿ, ಗೋಡೆ ಕಟ್ಟುವವರು. ನಾನು ಬುಟ್ಟಿಯಲ್ಲಿ ಕಲಸಿದ ಸಿಮೆಂಟು ಹೊರುವವಳು. ಎಲ್ಲಿ ಕಟ್ಟಡ ಏಳುತ್ತಿತ್ತೋ ಅಲ್ಲೇ ತಗಡಿನ ಗುಡಿಸಲು. ಮಧ್ಯಾಹ್ನ ಉಸುಕಿನ ಗುಡ್ಡೆಯ ನೆರಳಿನಲ್ಲಿ ರೊಟ್ಟಿಯ ಬುಟ್ಟಿ ನಡುವೆ ಇಟ್ಟು ಎಲ್ಲರೂ ಸುತ್ತ ಕುಳಿತು ಉಣ್ಣುತ್ತಿದ್ದೆವು. ಒಬ್ಬರ ಚಟ್ನಿ ಹಿಂಡಿ ಇನ್ನೊಬ್ಬರ ರೊಟ್ಟಿಗೆ. ಒಬ್ಬಳೇ ಕುಳಿತು ಉಂಡ ನೆನಪು ಆ ದಿನಗಳಲ್ಲಿ ಒಂದೂ ಇಲ್ಲ.

ಅಲ್ಲೇ ಕಲಿತದ್ದು ಇನ್ನೊಂದು ಅಭ್ಯಾಸ. ಮೇಸ್ತ್ರಿಯನ್ನು ಒಂದು ಸಲ ಕರೆಯಬೇಕು. ಕೇಳಿಸಿದರೆ ಬರುತ್ತಾನೆ, ಇಲ್ಲದಿದ್ದರೆ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ನಿಲ್ಲಬೇಕು. ಎರಡನೇ ಸಲ ಕರೆದ ಹೆಂಗಸಿಗೆ ಎಲ್ಲರ ಎದುರಿಗೆ ಬೈಗುಳ. ಆ ರೂಢಿ ನನ್ನ ಗಂಟಲಿಗೆ ಹತ್ತಿಬಿಟ್ಟಿತು. ಯಾರನ್ನೇ ಆಗಲಿ ಒಂದು ಸಲ ಕರೆಯುತ್ತೇನೆ. ಕೇಳದಿದ್ದರೆ ಸುಮ್ಮನೆ ಹೊರಳುತ್ತೇನೆ.

ಮಗ ಫರ್ಶಿ ಕೆಲಸದಲ್ಲಿ ಕೈ ಕುದುರಿಸಿಕೊಂಡ. ಮೊಮ್ಮಗಳು ಕಲಿತು ಇಂಜಿನಿಯರ್ ಆದಳು. ಯಜಮಾನರು ಈ ಆರನೇ ಮಾಳಿಗೆಯ ಮನೆ ನೋಡಲಿಲ್ಲ. ಇಲ್ಲಿಗೆ ಬಂದ ವಾರವೇ ಮಗ ಕ್ಯಾಂಪ್ ಪೇಟೆಯ ಹಳೇ ಸಾಮಾನಿನ ಅಂಗಡಿಯಿಂದ ಒಂದು ಊಟದ ಮೇಜು ಹೊರಿಸಿಕೊಂಡು ಬಂದ. ಸಾಗುವಾನಿಯದು, ಭಾರವಾದದ್ದು. "ಅವ್ವ, ಇನ್ನ ಎಲ್ಲಾರೂ ಕೂಡಿ ಕುಂತು ಉಣ್ಣೂಣು" ಎಂದ. ಜೀವಮಾನವೆಲ್ಲ ನೆಲದ ಮೇಲೆ ಕುಳಿತವಳಿಗೆ ಕುರ್ಚಿಯಲ್ಲಿ ಕಾಲು ಜೋತಾಡಿದವು. ಅವನು ನಕ್ಕು, ಮಿಕ್ಕಿದ ಒಂದೆರಡು ಫರ್ಶಿಯ ತುಂಡು ಜೋಡಿಸಿ ಕಾಲ ಕೆಳಗೆ ಇಟ್ಟುಕೊಟ್ಟ. ಹೊಸದರಲ್ಲಿ ಕೂಡಿ ಉಂಡೆವು ಕೂಡ. ಆಮೇಲೆ ಆ ಮೇಜಿನ ಮೇಲೆ ಬೋರ್ಡು ಬಂದು ಕುಳಿತಿತು.

ಅಂಗೈಯಷ್ಟು ಹಸಿರು ಬೋರ್ಡು. ಅದಕ್ಕೆ ಕೆಂಪು ದೀಪ, ಉದ್ದ ತಂತಿಯ ತುದಿಗೆ ಎರಡು ಗುಂಡಿ, ಪಕ್ಕದಲ್ಲಿ ಲ್ಯಾಪ್‌ಟಾಪ್, ಸುತ್ತಲೂ ಜೇಡರ ಬಲೆಯಂಥ ವೈರು. ಅದು ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕಕ್ಕೆ ಹಾಕುವ ಕರೆಗಂಟೆ. ಎರಡು ಹಾಸಿಗೆಗೆ ಎರಡು ಗುಂಡಿ. ಮೊಮ್ಮಗಳು ಆ ಬೋರ್ಡನ್ನು ಮಾಡಿದವಳಲ್ಲ. ಬೋರ್ಡು ಹೇಳುವುದು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡುವ ಬರಹ ಅವಳದು. ಅದಕ್ಕೆ ಡ್ರೈವರ್ ಎನ್ನುತ್ತಾರಂತೆ. "ಮನ್ಯಾಗ ಗಾಡಿನ ಇಲ್ಲ, ಡ್ರೈವರ್ ಬಂದ ಕುಂತಾನ" ಎಂದು ಮಗ ಚೇಷ್ಟೆ ಮಾಡಿದ.

ನನಗೆ ಅವಳು ಬಿಡಿಸಿ ಹೇಳಿದ್ದಳು. ಕಂಪ್ಯೂಟರು ಯಾವಾಗಲೂ ತನ್ನ ಕೆಲಸದಲ್ಲಿ ಮುಳುಗಿರುತ್ತದೆ. ಗುಂಡಿ ಒತ್ತಿದೊಡನೆ ಬೋರ್ಡು ಒಂದು ತಂತಿ ಜಗ್ಗುತ್ತದೆ. ಕಂಪ್ಯೂಟರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಬಂದು ಯಾರು ಕರೆದರು ಎಂದು ನೋಡುತ್ತದೆ. ಹೀಗೆ ಕೆಲಸದ ನಡುವೆ ತಡೆದು ಕರೆಯುವುದಕ್ಕೆ ಇಂಟರಪ್ಟ್ ಎಂದು ಹೆಸರು. ಬಂದ ಮೇಲೆ ಏನು ನೋಡಬೇಕು, ಏನು ಮಾಡಬೇಕು, ಯಾವಾಗ ಹೊರಳಿ ಹೋಗಬೇಕು ಎಂಬುದನ್ನೆಲ್ಲ ಡ್ರೈವರ್ ಹೇಳಿಕೊಡುತ್ತದೆ.

ಆ ಕರೆಗಂಟೆಯನ್ನು ಒಂದು ಸಣ್ಣ ದವಾಖಾನೆಯಲ್ಲಿ ಪರೀಕ್ಷೆಗೆಂದು ಹಾಕಿದ್ದರು. ಅಲ್ಲಿಂದ ದೂರು ಬಂತು. ಒಮ್ಮೊಮ್ಮೆ ಒತ್ತಿದರೂ ಗಂಟೆ ಬಡಿಯುವುದಿಲ್ಲ. ಒಬ್ಬ ಮುದುಕಿ ಬಾತ್‌ರೂಮಿಗೆಂದು ಒತ್ತಿ ಕಾದು ಕಾದು ಹಾಸಿಗೆಯಲ್ಲೇ ಆಗಿಹೋಯಿತಂತೆ, ನಾಚಿಕೆಯಿಂದ ಅತ್ತಳಂತೆ. ಮೊಮ್ಮಗಳು ಇದನ್ನು ಹೇಳುವಾಗ ನಾನು ಕಡಲೆ ಹಸನು ಮಾಡುತ್ತಿದ್ದೆ. ಆ ಮುದುಕಿಯ ವಯಸ್ಸು ಎಷ್ಟು ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

ಆಫೀಸಿನಲ್ಲಿ ಗುಂಡಿ ಒತ್ತಲೆಂದೇ ಒಂದು ಯಂತ್ರದ ಬೆರಳು ಇದೆಯಂತೆ. ಅದು ದಿನವೆಲ್ಲ ಒತ್ತಿದರೂ ಒಂದು ಕರೆಯೂ ತಪ್ಪುತ್ತಿರಲಿಲ್ಲ. ದೋಷ ಕಣ್ಣಿಗೆ ಬೀಳದಿದ್ದರೆ ತಿದ್ದುವುದು ಹೇಗೆ? ಅವಳ ಮೇಲಿನವರು ಹೇಳಿಬಿಟ್ಟರು: ಪರೀಕ್ಷೆ ಮುಗಿಯುವುದರೊಳಗೆ ದೋಷ ಹಿಡಿದು ತೋರಿಸಿ ತಿದ್ದಬೇಕು, ಇಲ್ಲದಿದ್ದರೆ ಬೇರೆ ಕಡೆಯಿಂದ ಸಿದ್ಧ ಗಂಟೆ ಕೊಳ್ಳುತ್ತೇವೆ. ಹಾಗಾದರೆ ಅವಳನ್ನು ಇಟ್ಟುಕೊಳ್ಳುವ ಮಾತೂ ಇಲ್ಲ. ಅವಳು ಇನ್ನೂ ಕಚ್ಚಾ ನೌಕರಿಯಲ್ಲಿದ್ದಳು. ಅದಕ್ಕೇ ಬೋರ್ಡನ್ನು ಮನೆಗೆ ತಂದು, ಒಂದು ದಿನ ಮನೆಯಲ್ಲಿ ಒಂದು ದಿನ ಆಫೀಸಿನಲ್ಲಿ ಎನ್ನುವ ಹಾಗೆ ಅದರ ಬೆನ್ನು ಹತ್ತಿದ್ದಳು. ನಮಗೆಲ್ಲ ತಾಕೀತು ಮಾಡಿದಳು: "ಮೇಜಿನ ಮ್ಯಾಲ ಯಾರೂ ಏನೂ ಇಡಬ್ಯಾಡ್ರಿ. ಅದು ಹೆಂಗ ಅದ ಹಂಗ ಇರಲಿ. ಏನ ಆದ್ರೂ ಕರೆಂಟ್ ತಗೀಬ್ಯಾಡ್ರಿ."

ಮೇಜು ಹೋಯಿತು, ಕೂಡಿ ಉಣ್ಣುವುದೂ ಹೋಯಿತು. ಮಗ ತಾಟು ಹಿಡಿದು ಟಿವಿಯ ಮುಂದೆ. ಸೊಸೆ ಮೆಸ್ಸಿನಲ್ಲೇ ಉಂಡು ಬರುತ್ತಿದ್ದಳು. ಮೊಮ್ಮಗಳು ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನು. ನಾನು ಬಾಗಿಲ ಹತ್ತಿರ ನಿಂತು "ಊಟಕ್ಕ ಬಾ ತಾಯಿ" ಎಂದು ಒಂದು ಸಲ ಕರೆಯುತ್ತಿದ್ದೆ. ಬರದಿದ್ದರೆ ಅವಳ ತಾಟು ಮುಚ್ಚಿಟ್ಟು ಅಡುಗೆಮನೆಯ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದೆ. ಅದೂ ಚಪಾತಿ. ರೊಟ್ಟಿ ಬಡಿಯುವುದು ನಿಂತು ಬಹಳ ದಿನವಾಗಿತ್ತು. ನಾನು ನೆಲದ ಮೇಲೆ ಒಂಟಿ ಒಲೆ ಇಟ್ಟುಕೊಂಡು ಹಲಗೆಯ ಮೇಲೆ ಜೋಳದ ರೊಟ್ಟಿ ಬಡಿಯುವವಳು. ಆ ಸಪ್ಪಳ ಕೆಳಗಿನ ಮನೆಯ ಮರಾಠಿ ಹೆಂಗಸಿಗೆ, ನಾವೆಲ್ಲ ಕಾಕು ಎನ್ನುವವರಿಗೆ, ತಲೆಯ ಮೇಲೆ ಹೊಡೆದ ಹಾಗಾಗುತ್ತದಂತೆ. ಸೊಸೈಟಿಯವರಿಂದ ಹೇಳಿಸಿದರು, ಬಿಟ್ಟುಬಿಟ್ಟೆ. ಬಿಟ್ಟ ಮೇಲೆ ಕೈಗಳಿಗೆ ಕೆಲಸವೇ ಇಲ್ಲ, ಮಡಿಲಲ್ಲಿ ಬಿದ್ದಿರುತ್ತಿದ್ದವು, ಬೇರೆ ಯಾರದೋ ಕೈಗಳ ಹಾಗೆ.

ಒಂದು ದಿನ ಆಫೀಸಿಗೆ ಹೊರಟ ಮೊಮ್ಮಗಳು ನಿಂತು ಹೇಳಿದಳು. "ಆಯಿ, ನೀ ಮನ್ಯಾಗ ಇರ್ತಿ. ಯಾವಾಗ ಮನಸಾಗ್ತದ ಆವಾಗ ಈ ಗುಂಡಿ ಒತ್ತು. ಮಷೀನ್ ಒತ್ತೂದು ಒಂದ ತರಾ. ಮನಷ್ಯಾರು ಒತ್ತೂದು ಬ್ಯಾರೇನ."

"ನಾ ಒತ್ತಿದ್ದು ನಿನಗ ತಿಳೀತದೇನ?"

"ಹೂಂ, ಅಲ್ಲಿ ಆಫೀಸಿನ್ಯಾಗೂ ಕಾಣತದ."

ಅವಳು ಹೋದ ಮೇಲೆ ಒತ್ತಿದೆ. ಕೆಂಪು ದೀಪ ಹತ್ತಿತು, ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮೂಡಿತು, ದೀಪ ಆರಿತು. ನನ್ನ ಮಧ್ಯಾಹ್ನಗಳಿಗೆ ಒಂದು ಜೀವ ಬಂತು ಎಂದರೆ ನಗಬೇಡಿ. ಸ್ನಾನವಾದ ಮೇಲೆ ಒಂದು ಸಲ ಒತ್ತುತ್ತಿದ್ದೆ. "ಚಾ ಕುಡದೆ ತಾಯಿ" ಎಂದು ಬಾಯಿಬಿಟ್ಟು ಹೇಳಿ ಒಂದು ಸಲ. ಬಾಲ್ಕನಿಯಲ್ಲಿ ಒಣಗಿದ ಅರಿವೆ ತೆಗೆಯುವ ಮೊದಲು ಒಂದು ಸಲ. ಅಲ್ಲೆಲ್ಲೋ ದೊಡ್ಡ ಗಾಜಿನ ಕಟ್ಟಡದಲ್ಲಿ ಅವಳು ನೋಡುತ್ತಾಳೆ, ಓಹೋ ಆಯಿ ಚಹಾ ಕುಡಿದಳು ಎಂದುಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ.

ಒಂದು ಸಂಜೆ ತಡೆಯಲಾರದೆ ಕೇಳಿದೆ. "ಮುಂಜಾನಿ ನಾ ಒತ್ತಿದ್ದು ನೋಡಿದಿ?"

ಅವಳು ಬೂಟು ಬಿಚ್ಚುತ್ತಿದ್ದಳು. "ನಾ ಎಲ್ಲಿ ನೋಡ್ಲಿ ಆಯಿ? ದಿನಾಪೂರ್ತಿ ಮೀಟಿಂಗ್. ಅದು ತಾನ ಬರ್ಕೊಂಡಿರ್ತದ. ವಾರಕ್ಕೊಮ್ಮಿ ತೆರದು ನೋಡ್ತೀನಿ."

"ಹೌದು ಬಿಡು" ಎಂದೆ. ಮರುದಿನ ಒತ್ತಲಿಲ್ಲ. ಅದರ ಮರುದಿನ ಮತ್ತೆ ಒತ್ತಿದೆ. ದೀಪವಾದರೂ ಹತ್ತುತ್ತಿತ್ತಲ್ಲ.

ಹೀಗೇ ಒಂದು ಮಧ್ಯಾಹ್ನ ಕುರ್ಚಿಯ ಮೇಲೆ ಕುಳಿತಿದ್ದೆ. ಫರ್ಶಿಯ ತುಂಡುಗಳ ಮೇಲೆ ಕಾಲು, ಎರಡು ಕೈಯ ಕೆಳಗೆ ಎರಡು ಗುಂಡಿ. ಮೇಲಿನ ಮನೆಯವರ ಕುಕ್ಕರ್ ಕೂಗಿ ನಿಂತಿತು. ಲಿಫ್ಟಿನೊಳಗಿನ ಹೆಣ್ಣುದನಿ ಯಾವುದೋ ಮಾಳಿಗೆಯ ಹೆಸರು ಹೇಳಿತು. ಆಮೇಲೆ ಏನೂ ಸಪ್ಪಳವಿಲ್ಲ. ಉಸುಕಿನ ಗುಡ್ಡೆ, ರೊಟ್ಟಿಯ ಬುಟ್ಟಿ, ಸುತ್ತ ಕುಳಿತವರ ನಗೆ, ಯಜಮಾನರು ಕೈಯ ಸಿಮೆಂಟು ತೊಳೆದುಕೊಂಡು ಬಂದು ಕೂರುವುದು ಎಲ್ಲ ಕಣ್ಣ ಮುಂದೆ ಬಂತು. ಕೈಗಳು ತಾವಾಗಿಯೇ ಎದ್ದವು. ಎಡ ಬಲ, ಎಡ ಬಲ, ರೊಟ್ಟಿ ಬಡಿಯುವ ಲಯದಲ್ಲಿ ಗುಂಡಿಗಳನ್ನು ಬಡಿಯತೊಡಗಿದವು. ದೀಪ ಮಿಣಮಿಣ ಎಂದು ಅದೇ ತಾಳಕ್ಕೆ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿತ್ತು. ನನಗೆ ಖುಷಿಯಾಗಿ ಇನ್ನೂ ಜೋರು ಮಾಡಿದೆ.

ದೀಪ ಹತ್ತಿತು. ಆರಲಿಲ್ಲ.

ಮೆಲ್ಲಗೆ ಒಂದು ಗುಂಡಿ ಒತ್ತಿದೆ. ಏನೂ ಇಲ್ಲ. ಇನ್ನೊಂದು ಒತ್ತಿದೆ. ಏನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಸಾಲು ಮೂಡುವುದೂ ನಿಂತಿತ್ತು. ಹುಡುಗಿಯ ನೌಕರಿಯನ್ನು ನನ್ನ ಕೈಯಿಂದಲೇ ಮುರಿದೆನಲ್ಲ ಎಂದುಕೊಂಡೆ. ಅವಳಿಗೆ ಫೋನ್ ಮಾಡಿದೆ. ಬಡಿದು ಬಡಿದು ನಿಂತಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಲು ಬೆರಳು ಏಳಲಿಲ್ಲ. ಮೀಟಿಂಗಿನಲ್ಲಿ ಇರುತ್ತಾಳೆ, ಸಿಟ್ಟಾಗುತ್ತಾಳೆ. ಮೇಜಿನ ಪಕ್ಕ ಕುಳಿತುಕೊಂಡೆ. ಆರದ ಆ ಕೆಂಪು ದೀಪವೂ ನಾನೂ, ಇಬ್ಬರೇ. ಬಿಸಿಲು ಫರ್ಶಿಯ ಮೇಲಿನಿಂದ ಗೋಡೆಗೆ ಏರಿತು, ಗೋಡೆಯಿಂದಲೂ ಹೋಯಿತು.

ಮೊದಲು ಸೊಸೆ ಬಂದಳು. "ಅತ್ತಿ, ಯಾಕ್ರಿ ಕತ್ತಲಾಗ ಕುಂತೀರಿ?" ಎಂದು ಲೈಟು ಹಾಕಿದಳು. ಸಂಗತಿ ಕೇಳಿ, "ಅಯ್ಯ, ಇಷ್ಟಕ್ಕ ಅಂಜೂದೇನ್ರಿ? ಸ್ವಿಚ್ ತಗದ ಹಾಕಿದ್ರ ಸರಿ ಆಗ್ತದ. ನಮ್ಮ ಮೆಸ್ಸಿನ ಫ್ರಿಜ್ಜಿಗೂ ಹಂಗ ಮಾಡ್ತೀವ್ರಿ" ಎಂದು ಸ್ವಿಚ್ಚಿಗೆ ಕೈ ಚಾಚಿದಳು.

ನಾನು ಎದ್ದು ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿದೆ. "ಮುಟ್ಟಬ್ಯಾಡ ಯವ್ವಾ! ಕರೆಂಟ್ ತಗೀಬ್ಯಾಡ ಅಂದಾಳ."

"ಕೆಟ್ಟಿದ್ದು ಸರಿ ಮಾಡೂದು ಬ್ಯಾಡ?"

"ಬ್ಯಾಡ. ಆಕಿ ಬರಲಿ."

ಆಮೇಲೆ ಮಗ ಬಂದ. ಅವನೂ ಅದನ್ನೇ ಅಂದ. "ಅವ್ವ, ಹಿಂಗ ಅವಚಿಕೊಂಡ ಕುಂತ್ರ ಅದು ತತ್ತಿ ಇಡ್ತದೇನ? ತಗದ ಹಾಕು." ಗಂಡ ಹೆಂಡತಿ ನಕ್ಕರು. ನಾನು ಸ್ಟೂಲು ತಂದು ಸ್ವಿಚ್ಚಿನ ಕೆಳಗೇ ಹಾಕಿಕೊಂಡು ಕುಳಿತೆ. ಹೆದರಿಕೆ ಇತ್ತು, ಆದರೆ ಅವಳು ಹೇಳಿದ ಒಂದು ಮಾತನ್ನಾದರೂ ಉಳಿಸಿಕೊಳ್ಳೋಣ ಎಂಬ ಹಟವೂ ಇತ್ತು.

ಮೊಮ್ಮಗಳು ಬಂದಾಗ ಮೂವರೂ ಒಮ್ಮೆಲೇ ಬಾಯಿ ಮಾಡಿದೆವು. ಅವಳು ನಮ್ಮ ಮಾತು ಬಿಟ್ಟು ದೀಪ ನೋಡಿದಳು. "ಯಾರೂ ಸ್ವಿಚ್ ತಗದಿಲ್ಲ ಹೌದಲ್ಲ? ಖರೇ ಹೇಳ್ರಿ" ಎಂದಳು. ಹೆಗಲ ಚೀಲವನ್ನೂ ಇಳಿಸದೆ ಕರೆಂಟು ನೋಡುವ ಮೀಟರಿನ ಕಡ್ಡಿಯನ್ನು ಬೋರ್ಡಿನ ಒಂದು ತಂತಿಗೆ ತಾಗಿಸಿದಳು. ಆಮೇಲೆ ಒಂದು ಕೂಗು ಹಾಕಿದಳು ನೋಡಿ, ಮಗ ಹಿಡಿದಿದ್ದ ನೀರಿನ ತಂಬಿಗೆ ತುಳುಕಿತು.

"ಲೈನ್ ಕೆಳಗ ಕುಂತದ! ಜಗ್ಗಿದ್ದು ಜಗ್ಗಿದಂಗ ಅದ! ಆಯಿ, ಸಿಕ್ತು! ಸ್ವಿಚ್ ತಗದಿದ್ರ ಎಲ್ಲಾ ಅಳಿಸಿ ಹೋಗ್ತಿತ್ತು. ಏನ ಮಾಡಿದಿ ನೀ?"

"ನಾ ಏನೂ ಮಾಡಿಲ್ಲವ್ವಾ" ಎಂದೆ. ಅಳು ಬಂದಿತ್ತು. ಅವಳು ನನ್ನನ್ನು ತಬ್ಬಿಕೊಂಡಳು. ಬೈಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದೆ, ಕೈ ತಾನೇ ರೊಟ್ಟಿ ಬಡಿಯಿತು ಎಂದು.

ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡು, ಈಗ ತಾನೇ ಸ್ವಿಚ್ ತೆಗೆದು ಹಾಕಿ ದೀಪ ಆರಿಸಿದಳು. "ಇನ್ನೊಮ್ಮಿ ಬಡಿ."

ಬಡಿದೆ. ಆಗಲಿಲ್ಲ. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರೆ ಲಯ ಎಲ್ಲಿಂದ ಬರಬೇಕು? ಕೈಗಳು ಒಂದಕ್ಕೊಂದು ತೊಡರಿಕೊಂಡವು. "ಹಿಟ್ಟಿಲ್ಲದ ನನ್ನ ಕೈ ಏಳೂದಿಲ್ಲ" ಎಂದೆ. ಸೊಸೆ ಡಬ್ಬಿಯ ತಳದಲ್ಲಿ ಉಳಿದಿದ್ದ ಜೋಳದ ಹಿಟ್ಟು ತೆಗೆದು ಕೊಟ್ಟಳು. ನಾದಿ, ನೆಲದ ಮೇಲೆ ಹಲಗೆ ಹಾಕಿಕೊಂಡು ರೊಟ್ಟಿ ಬಡಿಯತೊಡಗಿದೆ. ಎಷ್ಟು ದಿನದ ಮೇಲೆ! ಕೈ ಬೆಚ್ಚಗಾಯಿತು, ಕಿವಿಗೆ ಆ ಸಪ್ಪಳ ತುಂಬಿತು. ಅಷ್ಟರಲ್ಲಿ ಇಂಟರ್‌ಕಾಮ್ ಬಡಿಯಿತು. ಕೆಳಗಿನ ಮನೆಯ ಕಾಕು. ಮೊಮ್ಮಗಳು ಎತ್ತಿ, ತುಂಬಾ ಗಂಭೀರವಾದ ಮರಾಠಿಯಲ್ಲಿ, "ಕಾಕು, ಸ್ವಲ್ಪ ತಡೆದುಕೊಳ್ಳಿ, ನಮ್ಮ ಆಫೀಸಿನ ಕೆಲಸ ನಡೆದಿದೆ" ಎಂದಳು. ಮಗ ನಗು ತಡೆಯಲಾರದೆ ಬಾಲ್ಕನಿಗೆ ಓಡಿದ.

ಹಿಟ್ಟಿನ ಕೈಯನ್ನು ಒರೆಸಿಕೊಂಡು ಹಾಗೆಯೇ ಗುಂಡಿಗಳ ಮೇಲೆ ಇಟ್ಟೆ. ಎಡ ಬಲ, ಎಡ ಬಲ. ದೀಪ ಹತ್ತಿತು. ಆರಲಿಲ್ಲ.

ಆಮೇಲೆ ಅವಳು ನನಗೆ ತಿಳಿಯುವ ಹಾಗೆ ಹೇಳಿದಳು. ಎರಡು ಗುಂಡಿಗೂ ತಂತಿ ಒಂದೇ. ಮೊದಲನೇ ಗುಂಡಿ ತಂತಿ ಜಗ್ಗುತ್ತದೆ, ಕಂಪ್ಯೂಟರು ಬರುತ್ತದೆ. ಅದು ಮೊದಲನೇ ಹಾಸಿಗೆಯವಳ ಮಾತು ಕೇಳುತ್ತಿರುವಾಗಲೇ ಎರಡನೆಯವಳು ಕರೆದರೆ ತಂತಿ ಹೊಸದಾಗಿ ಅಲುಗುವುದಿಲ್ಲ, ಮೊದಲೇ ಜಗ್ಗಿಕೊಂಡಿದೆಯಲ್ಲ. ಕಂಪ್ಯೂಟರು ತಂತಿ ಅಲುಗಿದ್ದನ್ನಷ್ಟೇ ಗಮನಿಸುತ್ತದೆ. ಮೊದಲನೆಯವಳ ಕೆಲಸ ಮುಗಿಸಿ, ಎಲ್ಲ ಆಯಿತು ಎಂದು ಹೊರಟುಹೋಗುತ್ತದೆ. ತಂತಿ ಜಗ್ಗಿಯೇ ಇರುತ್ತದೆ. ಆಮೇಲೆ ಯಾರು ಎಷ್ಟು ಒತ್ತಿದರೂ ಅಲುಗುವುದಕ್ಕೆ ಏನೂ ಉಳಿದಿಲ್ಲ. ಯಂತ್ರದ ಬೆರಳು ಒಂದೇ ಇತ್ತು, ಒಂದು ಗುಂಡಿ ಬಿಟ್ಟ ಮೇಲೆಯೇ ಇನ್ನೊಂದು ಒತ್ತುತ್ತಿತ್ತು. ದವಾಖಾನೆಯಲ್ಲಿ ಎರಡು ಹಾಸಿಗೆಯವರು ಒಬ್ಬರ ಬೆನ್ನಿಗೇ ಒಬ್ಬರು ಒತ್ತಿದಾಗ ಹೀಗಾಗುತ್ತಿತ್ತು, ನರ್ಸುಗಳು ಸ್ವಿಚ್ ತೆಗೆದು ಹಾಕಿದೊಡನೆ ಸರಿಯಾಗಿಬಿಡುತ್ತಿತ್ತು.

"ಹೊರಳಿ ಹೋಗೂಮುಂದ ಇನ್ನೊಮ್ಮಿ ತಿರುಗಿ ನೋಡಬೇಕಿತ್ತು, ಯಾರರೆ ಉಳದಾರೇನು ಅಂತ. ಅದನ್ನ ನಾ ಬರದಿಲ್ಲ" ಎಂದಳು.

"ಆ ಎರಡನೇದಾಕಿ ಇನ್ನೊಮ್ಮಿ ಯಾಕ ಕರೀಲಿಲ್ಲ?"

"ಕರದ್ರೂ ಕೇಳಸೂದಿಲ್ಲ ಆಯಿ. ಈ ಬೋರ್ಡಿನ ಚಿಪ್ ಸ್ವಭಾವನ ಹಂಗ. ಒಂದ ಸಲ ಕರೀತದ, ಬಂದ್ರ ಬಂದ್ರು. ನಿನ್ನಂಗ."

ನಗುತ್ತಲೇ ಅಂದಳು. ಅಂದ ಮೇಲೆ ನಗು ನಿಂತಿತು. ಫೋನ್ ತೆಗೆದು ನೋಡಿದಳು. "ಮಧ್ಯಾಹ್ನ ನೀ ಫೋನ್ ಮಾಡಿದ್ದಿ."

"ಹೂಂ."

"ಒಂದ ಸಲ."

"ಹೂಂ."

ಅವಳು ಫೋನ್ ಕೆಳಗಿಟ್ಟು ನನ್ನ ಹತ್ತಿರ ಕುಳಿತಳು. ನಾನು ಹಲಗೆಯ ಮೇಲಿನ ಹಿಟ್ಟು ಬಳಿದೆ.

ತಿದ್ದುವುದು ಒಂದು ದಿನದ ಕೆಲಸವಾಗಿರಲಿಲ್ಲ. ತಿರುಗಿ ನೋಡು ಎಂದು ಬರೆದ ಮೇಲೂ ಬೋರ್ಡಿನ ಆ ಚಿಪ್ ಇನ್ನೊಂದು ಚಾಳಿ ತೋರಿಸಿತು. ಮೊದಲನೆಯವಳ ಕರೆಯನ್ನು ಅಳಿಸುವಾಗ ಎರಡನೆಯವಳ ಗುರುತನ್ನೂ ಒರೆಸಿಬಿಡುತ್ತಿತ್ತು. ಅವಳು ತಲೆ ಹಿಡಿದುಕೊಂಡು ಕುಳಿತಳು. ಒರೆಸಿದ ಮೇಲೆ ಆ ಗುರುತನ್ನು ನಂಬದೆ, ನೇರ ಗುಂಡಿಯನ್ನೇ ಹೋಗಿ ನೋಡಿ ಬಾ ಎಂದು ಬರೆದಳಂತೆ. ಅಷ್ಟು ದಿನವೂ ಅವಳು ಕರೆದಾಗಲೆಲ್ಲ ನಾನು ಬಂದು ಬಡಿಯುತ್ತಿದ್ದೆ. ನನ್ನ ಕೈಗಳ ವಿಡಿಯೋ ತೆಗೆದುಕೊಂಡು ಹೋಗಿ ಆಫೀಸಿನಲ್ಲಿ ತೋರಿಸಿದಳು. ಅದನ್ನು ನೋಡಿ ಆ ಯಂತ್ರದ ಬೆರಳಿಗೆ ಇನ್ನೊಂದು ಬೆರಳು ಜೋಡಿಸಿದ್ದಾರಂತೆ. ಅದರ ಹೆಸರು ರೊಟ್ಟಿ ಟೆಸ್ಟ್ ಅಂತೆ! ಹೇಳಿ ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು. ನಾನೂ ನಕ್ಕೆ. ಆದರೆ ಆ ಬೆರಳು ಬಂದ ಮೇಲೆ ನನ್ನನ್ನು ಕರೆಯುವುದು ಕಡಿಮೆಯಾಯಿತು.

ಒಂದು ಮಾತ್ರ ಹೊಸದಾಗಿ ಶುರುವಾಗಿತ್ತು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಮತ್ತೆ ತೆಗೆದು ತಲೆ ಹೊರಗೆ ಹಾಕುತ್ತಾಳೆ. "ಆಯಿ, ಏನರೆ ಅಂದೇನು?" ಹೆಚ್ಚಿನ ಸಲ ನಾನು ಏನೂ ಅಂದಿರುವುದಿಲ್ಲ. ಒಂದೊಂದು ಸಲ ಅಂದಿರುತ್ತೇನೆ.

ದವಾಖಾನೆಯ ಪರೀಕ್ಷೆ ಮತ್ತೆ ಮೊದಲಿನಿಂದ ನಡೆಯಿತು. ಅದು ಮುಗಿಯುವ ತನಕ ಬೋರ್ಡು ಮೇಜು ಬಿಡಲಿಲ್ಲ, ನಾವು ನಮ್ಮ ನಮ್ಮ ಮೂಲೆ ಬಿಡಲಿಲ್ಲ. ದಿನಾ ಸಂಜೆ ನಾನು ಅವಳ ಮುಖ ನೋಡುತ್ತಿದ್ದೆ, ಇವತ್ತು ಯಾರ ಕರೆಯಾದರೂ ತಪ್ಪಿತೋ ಏನೋ ಎಂದು. ನೌಕರಿಯ ಚಿಂತೆ ಅವಳಿಗೆ. ನನಗೆ ಆ ಚಿಂತೆಯ ಜೊತೆಗೆ ಹಾಸಿಗೆಯಲ್ಲಿ ಕಾಯುತ್ತಾ ಮಲಗಿದ ಯಾರೋ ಒಬ್ಬ ಮುದುಕಿಯ ಚಿಂತೆಯೂ ಇತ್ತು.

ನಿನ್ನೆ ಅವಳು ಬೇಗ ಬಂದಳು. ಬರುವಾಗಲೇ ಕೆಳಗಿನ ಮನೆಗೆ ಪೇಡೆ ಕೊಟ್ಟು, ಇವತ್ತು ಸಪ್ಪಳವಾಗುತ್ತದೆ ಎಂದು ಕಾಕುವಿಗೆ ಹೇಳಿ ಬಂದಿದ್ದಳು. ಬಂದವಳೇ ವೈರು ಸುತ್ತಿ, ಬೋರ್ಡನ್ನು ಡಬ್ಬಿಯೊಳಗೆ ಇಟ್ಟಳು. ಗುಂಡಿಗಳನ್ನೂ ಇಟ್ಟಳು. ನಾನು ನೋಡುತ್ತಾ ನಿಂತಿದ್ದೆ.

"ಆಫೀಸಿಂದು ಆಯಿ, ವಾಪಸ್ ಕೊಡಬೇಕು" ಎಂದಳು, ನಾನು ಕೇಳದಿದ್ದರೂ. "ನಾಳಿಯಿಂದ ನಾನೂ ದಿನಾ ಅಲ್ಲೇ."

"ಹೌದಲ್ಲ, ಪಕ್ಕಾ ನೌಕರಿ ಆತಲ್ಲ" ಎಂದೆ. ಖಾಲಿಯಾದ ಮೇಜಿನ ಮೇಲೆ ಧೂಳಿನ ನಡುವೆ ಬೋರ್ಡಿನ ಗುರುತು ಚೌಕಾಗಿ ಉಳಿದಿತ್ತು. ಒದ್ದೆ ಅರಿವೆಯಿಂದ ಒರೆಸಿದೆ. ಇನ್ನು ಚಹಾ ಕುಡಿದೆ ಎಂದು ಹೇಳಲು ದೀಪವೂ ಇಲ್ಲ ಎಂದು ಅನ್ನಿಸಿದ್ದು ಸುಳ್ಳಲ್ಲ. ಆದರೆ ನಿನ್ನೆ ಅದಕ್ಕೆ ಕುಳಿತು ಕೊರಗಲು ಪುರುಸೊತ್ತು ಇರಲಿಲ್ಲ. ಒಲೆ ಹೊತ್ತಿಸಿದೆ, ಹಲಗೆ ಹಾಕಿದೆ, ಬಡಿದೆ. ಎಷ್ಟು ಬಡಿದೆನೋ, ಬುಟ್ಟಿ ತುಂಬಿತು. ಬದನೆಕಾಯಿ ಎಣಗಾಯಿ ಮಾಡಿದೆ, ಹೆಸರುಕಾಳು ಪಲ್ಯ ಮಾಡಿದೆ, ಶೇಂಗಾ ಹಿಂಡಿ ಕುಟ್ಟಿದೆ. ಸಿಹಿಗೆ ಮಾದಲಿ, ಮೇಲೆ ಹಾಲು ತುಪ್ಪ. ಕೆಳಗಿನಿಂದ ಇಂಟರ್‌ಕಾಮ್ ಬಡಿಯಲಿಲ್ಲ.

ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದೆ. ರೊಟ್ಟಿಯ ಬುಟ್ಟಿಯನ್ನು ನಡುವೆ, ಬೋರ್ಡು ಕುಳಿತಿದ್ದ ಜಾಗದಲ್ಲಿಯೇ ಇಟ್ಟೆ. ನಾಲ್ಕು ತಾಟು ಹಾಕಿದೆ. "ಊಟಕ್ಕ ಬರ್ರಿ" ಎಂದು ಕರೆದೆ.

ಯಾರೂ ಬರಲಿಲ್ಲ. ಭೋರ್‌ನಿಂದ ಬಂದ ಮಗ ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡಿದ್ದ. ಸೊಸೆ ತವರಿಗೆ ಫೋನ್ ಹಚ್ಚಿ ಮಗಳ ಸುದ್ದಿಯನ್ನು ಮೊದಲಿನಿಂದ ಹೇಳುತ್ತಿದ್ದಳು. ಮೊಮ್ಮಗಳ ಬಾಗಿಲು ಹಾಕಿತ್ತು, ಒಳಗೆ ಗೆಳತಿಯರ ಜೊತೆ ನಗುವ ಸಪ್ಪಳ. ನನ್ನ ಕೈ ರೂಢಿಯಂತೆ ತಾಟು ಮುಚ್ಚಲು ಮುಚ್ಚಳದ ಕಡೆಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದೆ. ಮೇಜನ್ನು ಹಿಡಿದುಕೊಂಡು, ಕಟ್ಟಡದ ಕೆಲಸದಲ್ಲಿ ಕೆಳಗಿನಿಂದ ಸ್ಲ್ಯಾಬಿನ ಮೇಲಿದ್ದವರಿಗೆ ಕೇಳಿಸುವಂತೆ ಕೂಗುತ್ತಾರಲ್ಲ, ಅಂಥ ದನಿಯಲ್ಲಿ ಇನ್ನೊಮ್ಮೆ ಕೂಗಿದೆ.

"ಊಟಕ್ಕ ಬರ್ರಿ ಅಂದೆ!"

ಬಚ್ಚಲಿನ ನೀರು ನಿಂತಿತು. ಸೊಸೆ ಫೋನ್ ಹಿಡಿದುಕೊಂಡೇ ಓಡಿ ಬಂದಳು. "ಏನಾತ್ರಿ ಅತ್ತಿ?" ಮಗ ಟವೆಲ್ ಸುತ್ತಿಕೊಂಡು ತಲೆಯಿಂದ ನೀರು ಸುರಿಸುತ್ತಾ ಬಂದ. "ಅವ್ವ? ಬಿದ್ದೇನು?" ಮೊಮ್ಮಗಳು ಕೊರಳಲ್ಲಿ ಹೆಡ್‌ಫೋನು ಜೋಲಾಡಿಸುತ್ತಾ ಬಾಗಿಲಲ್ಲಿ ನಿಂತಳು.

"ಏನೂ ಆಗಿಲ್ಲ. ಎರಡನೇ ಸಲ ಕರದೆ, ಅಷ್ಟ" ಎಂದೆ. "ನೀ ಅಂಗಿ ಹಾಕ್ಕೊಂಡ ಬಾ. ರೊಟ್ಟಿ ಆರತಾವ."

ಮೊಮ್ಮಗಳು ನನ್ನನ್ನೇ ನೋಡಿದಳು. ಹೆಡ್‌ಫೋನು ತೆಗೆದು ಕೋಣೆಯೊಳಗೆ ಎಸೆದಳು, ಅದು ಎಲ್ಲಿ ಬಿತ್ತೋ. ಮೇಜಿನ ಕೆಳಗೆ ಬಗ್ಗಿ ಫರ್ಶಿಯ ತುಂಡುಗಳನ್ನು ಹುಡುಕಿ ನನ್ನ ಕುರ್ಚಿಯ ಮುಂದೆ ಸರಿಸಿ ಇಟ್ಟಳು. ಎಲ್ಲರೂ ಕುಳಿತೆವು. ಸೊಸೆ ಮಾದಲಿಗೆ ತುಪ್ಪ ಹಾಕುತ್ತಾ, "ಮೆಸ್ಸಿನ್ಯಾಗ ಇಷ್ಟ ಮಂದಿಗೆ ಬಡಸ್ತೀನಿ, ನನಗ ಬಡಸಿದವರು ಯಾರು ಅಂತ ನೆನಪಿಲ್ಲ" ಎಂದಳು. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಇಟ್ಟೆ.

"ಹಿಂಡಿಗೆ ಎಣ್ಣಿ ಎಲ್ಲದ?" ಎಂದ ಮಗ.

ಮೂವರೂ ಒಟ್ಟಿಗೇ ಎಣ್ಣೆಯ ಡಬ್ಬಿಗೆ ಕೈ ಚಾಚಿದೆವು.